ಮತಯಂತ್ರವನ್ನಷ್ಟೇ ಕಾದರೆ ಸಾಲದು

ಸಾಗರ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ದುಡಿದವರು ಅವರು. ಹೊರದೇಶದ ಹ್ಯಾಕರ್‌ಗಳು ನಮ್ಮ ಲೋಕಸಭಾ ಚುನಾವಣೆಯನ್ನು ಕೆಡಿಸಲು ಸಾಧ್ಯವೇ, ಸರ್ಕಾರ ಅದಕ್ಕೆ ಸಿದ್ಧವಾಗಿದೆಯೇ, ಅಮೆರಿಕದಲ್ಲಿರುವ ತಮ್ಮ ಮಗನಂಥವರಿಗೆ ಯುರೋಪಿನ ಪುಟ್ಟ ದೇಶ ಎಸ್ಟೋನಿಯಾದಲ್ಲಿ ಇರುವಂತೆ ಮನೆಯಿಂದಲೇ ಮತ ಹಾಕುವ ಸೌಲಭ್ಯ ಏಕಿಲ್ಲ ಎಂಬುದು ಅವರ ಪ್ರಶ್ನೆ. ತಮ್ಮಂಥವರು ಮಾಡಬಹುದಾದ ಕೆಲಸವೇನಾದರೂ ಇದೆಯೇ ಎಂದೂ ಕೊನೆಯಲ್ಲಿ ಕೇಳಿದ್ದಾರೆ.

ಮಾನ್ಯರೇ,

ಮತದಾನದ ಸಾಮಗ್ರಿ ಹಂಚುವ ಮಸ್ಟರಿಂಗ್ ಕೇಂದ್ರದಲ್ಲಿ ಸಹಿ ಹಾಕಿ ನೀವು ಪಡೆದುಕೊಳ್ಳುತ್ತಿದ್ದ ಮತಯಂತ್ರವನ್ನು ಸರ್ಕಾರಿ ಕಂಪನಿಗಳಾದ ಬೆಂಗಳೂರಿನ ಬಿಇಎಲ್ ಇಲ್ಲವೇ ಹೈದರಾಬಾದಿನ ಇಸಿಐಎಲ್ ತಯಾರಿಸಿರುತ್ತದೆ. ಅದಕ್ಕೆ ಇಂಟರ್ನೆಟ್ ಸಂಪರ್ಕವಿಲ್ಲದ ಕಾರಣ ಎಲ್ಲೋ ದೂರದಲ್ಲಿ ಕುಳಿತವನು ಜಾಲದ ಮೂಲಕ ಅದರೊಳಗೆ ನುಗ್ಗಲು ದಾರಿಯಿಲ್ಲ. ಹಾಗೆಂದು ಅದರ ಮೇಲೆ ಕಣ್ಣಿಡುವುದೇ ಬೇಡ ಎಂದು ನಾನು ಹೇಳಲಾರೆ. ಅಭ್ಯರ್ಥಿಗಳ ಚಿಹ್ನೆಗಳನ್ನು, ಮತ ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟ್‌ಗೆ ತುಂಬಲು ಬೇರೊಂದು ಉಪಕರಣ ಬಳಕೆಯಾಗುತ್ತದೆ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ತಳ್ಳಿಹಾಕಿತಾದರೂ, ಆ ಉಪಕರಣಗಳನ್ನು ಫಲಿತಾಂಶ ಬಂದ ಮೇಲೂ 45 ದಿನ ಮೊಹರು ಮಾಡಿ ಇಡಬೇಕೆಂದು ಹೇಳಿತು. ಫಲಿತಾಂಶದಲ್ಲಿ ಎರಡನೆಯ ಇಲ್ಲವೇ ಮೂರನೆಯ ಸ್ಥಾನ ಪಡೆದವರು ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳನ್ನು ಪರಿಶೀಲನೆಗೆ ಒಡ್ಡಬೇಕೆಂದೂ ಆದೇಶಿಸಿತು. ಯಂತ್ರವನ್ನು ನಂಬಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳದೆ ಪರಿಶೀಲನೆಗೆ ಒಂದು ಕಿಂಡಿ ತೆರೆದಿಟ್ಟದ್ದರಿಂದ ಈ ತೀರ್ಪನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ.

ಆದರೆ ಚುನಾವಣೆಯನ್ನು ಕೆಡಿಸಬೇಕೆಂದು ಹೊರಟವನು ಯಂತ್ರವನ್ನೇ ಹುಡುಕಿಕೊಂಡು ಬರಬೇಕಾಗಿಲ್ಲ. ಉಕ್ರೇನಿನಲ್ಲಿ 2014ರ ಮೇ 25ರಂದು ಅಧ್ಯಕ್ಷೀಯ ಚುನಾವಣೆ ನಡೆಯಿತು. ಅದಕ್ಕೆ ಮೂರ್ನಾಲ್ಕು ದಿನ ಮೊದಲೇ ದಾಳಿಕೋರರು ಕೇಂದ್ರ ಚುನಾವಣಾ ಆಯೋಗದ ಕಂಪ್ಯೂಟರ್ ಜಾಲವನ್ನು ಹಾಳುಗೆಡವಿದ್ದರು. ಸಿಬ್ಬಂದಿ ಬ್ಯಾಕಪ್‌ನಿಂದ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದರು. ಮತದಾನ ಮುಗಿದ ಸಂಜೆ, ಫಲಿತಾಂಶ ಬಿತ್ತರಿಸಲು ಒಂದು ಗಂಟೆಯೂ ಉಳಿದಿರಲಿಲ್ಲ, ಆಗ ಮತ್ತೊಂದು ಕುತಂತ್ರಾಂಶ ಸಿಕ್ಕಿಬಿತ್ತು. ಅದು ಯಾರ ಮತವನ್ನೂ ಬದಲಿಸುವಂಥದ್ದಲ್ಲ. ಆಯೋಗದ ಜಾಲತಾಣದಲ್ಲಿ ದ್ಮಿತ್ರೋ ಯಾರೋಷ್ ಎಂಬ ತೀವ್ರ ರಾಷ್ಟ್ರೀಯವಾದಿ ಅಭ್ಯರ್ಥಿ ಶೇ 37 ಮತ ಪಡೆದು ಗೆದ್ದಿದ್ದಾರೆ ಎಂಬ ಸುಳ್ಳು ಚಿತ್ರವನ್ನು ತೋರಿಸುವುದಷ್ಟೇ ಅದರ ಕೆಲಸ. ಸಿಬ್ಬಂದಿ ಅದನ್ನು ತೆಗೆದುಹಾಕಿದರು. ಆದರೂ ಆ ರಾತ್ರಿ ರಷ್ಯಾದ ಸರ್ಕಾರಿ ಟಿ.ವಿ. ಅದೇ ಶೇ 37ರ ಅಂಕಿಯನ್ನು ಪರದೆಯ ಮೇಲೆ ತೋರಿಸಿತು. ಯಾರೋಷ್ ಅವರಿಗೆ ನಿಜಕ್ಕೂ ಬಂದದ್ದು ಶೇ 1ಕ್ಕಿಂತ ಕಡಿಮೆ ಮತ. ಉಕ್ರೇನನ್ನು ಅಂದು ಕಾಪಾಡಿದ ಎರಡು ಸಂಗತಿಗಳಲ್ಲಿ ಒಂದು, ಸಿಬ್ಬಂದಿಯ ಎಚ್ಚರ. ಇನ್ನೊಂದು, ಅಲ್ಲಿ ಮತ ಚಲಾಯಿಸಿದ್ದು ಕಾಗದದ ಮೇಲೆ ಎಂಬುದು. ಪರದೆ ಏನೇ ತೋರಿಸಿದ್ದರೂ ಮತಪತ್ರಗಳನ್ನು ಎಣಿಸಿ ನಿಜ ಹೇಳಲು ದಾರಿಯಿತ್ತು. ಒಂದು ವೇಳೆ ಆ ಸುಳ್ಳು ಅಂಕಿ ಆಯೋಗದ ಜಾಲತಾಣದಲ್ಲೇ ಒಂದೆರಡು ಗಂಟೆ ಕಾಣಿಸಿದ್ದರೆ, ಅಷ್ಟರಲ್ಲಿ ಬೀದಿಯಲ್ಲಿ ಏನೇನಾಗಬಹುದಿತ್ತು ಎಂಬುದನ್ನು ಊಹಿಸಲೂ ಭಯವಾಗುತ್ತದೆ.

ನಮ್ಮಲ್ಲಿ ಮತ ಎಣಿಕೆಯ ದಿನ ಜನ ಮೊಬೈಲಿನಲ್ಲಿ ನೋಡುವ ಅಂಕಿಗಳು ಎಣಿಕೆ ಕೇಂದ್ರದಿಂದ ಎನ್‌ಕೋರ್ ಎಂಬ ತಂತ್ರಾಂಶದ ಮೂಲಕ ಆಯೋಗದ ಜಾಲತಾಣಕ್ಕೆ ಹೋಗುತ್ತವೆ. ಆ ಜಾಲತಾಣ ಬಿದ್ದುಹೋದರೂ, ಕೆಟ್ಟರೂ ಕಾನೂನಿನ ಲೆಕ್ಕಕ್ಕೆ ನಿಲ್ಲುವುದು ಚುನಾವಣಾಧಿಕಾರಿ ಸಹಿ ಮಾಡಿದ ನಮೂನೆ 20ರ ಫಲಿತಾಂಶದ ಹಾಳೆ. ಅದಕ್ಕೂ ಮೊದಲು ನಿಮ್ಮ ಕೈಯಿಂದಲೇ ಬರುತ್ತಿದ್ದ ಇನ್ನೊಂದು ಕಾಗದವಿದೆ. ಮತದಾನ ಮುಗಿದು, ಮತಗಳನ್ನು ದಾಖಲಿಸಿಕೊಳ್ಳುವ ಕಂಟ್ರೋಲ್ ಯೂನಿಟ್‌ನ ಕ್ಲೋಸ್ ಗುಂಡಿ ಒತ್ತಿ, ಅದು ತೋರಿಸಿದ ಒಟ್ಟು ಸಂಖ್ಯೆಯನ್ನು ನಮೂನೆ 17ಸಿಯಲ್ಲಿ ಬರೆದು, ಅಭ್ಯರ್ಥಿಗಳ ಏಜೆಂಟರಿಗೆ ಒಂದೊಂದು ಪ್ರತಿ ಕೊಟ್ಟು ಅವರ ಸಹಿ ಪಡೆಯುವ ಹೊತ್ತಿಗೆ ರಾತ್ರಿಯಾಗುತ್ತಿತ್ತು ಎಂದು ಬರೆದಿದ್ದೀರಿ. ಅದೊಂದು ವ್ಯರ್ಥ ಶ್ರಮವೆನಿಸುತ್ತಿತ್ತು ಎಂದೂ ಸೇರಿಸಿದ್ದೀರಿ. ದಯವಿಟ್ಟು ಹಾಗೆ ತಿಳಿಯಬೇಡಿ. ಯಾವ ಜಾಲದ ದಾಳಿಯೂ ಹತ್ತು ಊರುಗಳ ಹತ್ತು ಏಜೆಂಟರ ಜೇಬಿನಲ್ಲಿರುವ ಆ ಹಾಳೆಯನ್ನು ಒಂದೇ ರಾತ್ರಿಯಲ್ಲಿ ತಿದ್ದಲಾರದು. ಸೈಬರ್ ಸುರಕ್ಷತೆಯ ಮಾತು ಬಂದಾಗಲೆಲ್ಲ ಕೋಟ್ಯಂತರ ರೂಪಾಯಿಯ ಉಪಕರಣಗಳ ಚರ್ಚೆ ನಡೆಯುತ್ತದೆಯೇ ಹೊರತು ನಿಮ್ಮ 17ಸಿಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ನನ್ನ ನಿಜವಾದ ಆತಂಕ ಇರುವುದು ಮತದಾರರ ಪಟ್ಟಿಯ ಬಗ್ಗೆ. ಪಟ್ಟಿ ಇಂದು ಕಂಪ್ಯೂಟರ್ ಜಾಲದಲ್ಲಿದೆ, ಅರ್ಜಿಗಳು ಆನ್‌ಲೈನ್‌ನಲ್ಲಿ ಬರುತ್ತವೆ, ಮತ್ತು ದಾಳಿಯ ಉದಾಹರಣೆಗಾಗಿ ನಾವು ಉಕ್ರೇನಿಗೆ ಹೋಗಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳ ಮೊದಲು ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಕೋರುವ ನಮೂನೆ 7ರ 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಅಧಿಕಾರಿಗಳು ಒಂದೊಂದನ್ನೂ ಸ್ಥಳದಲ್ಲಿ ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಅರ್ಜಿಗಳಲ್ಲಿ ಯಾರ ಹೆಸರಿತ್ತೋ ಅವರಿಗೇ ತಾವು ಅರ್ಜಿ ಹಾಕಿರುವ ವಿಷಯ ಗೊತ್ತಿಲ್ಲದ ನಿದರ್ಶನಗಳು ಹೊರಬಂದವು. ಇಲ್ಲಿ ಪಟ್ಟಿಯನ್ನು ಉಳಿಸಿದ್ದು ಮನೆಯ ಬಾಗಿಲಿಗೆ ಹೋಗಿ ವಿಚಾರಿಸಿದ ಮನುಷ್ಯರು. 2023ರ ಫೆಬ್ರುವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು. ಅರ್ಜಿದಾರರ ಗುರುತನ್ನು ಆಧಾರ್‌ಗೆ ಜೋಡಣೆಯಾದ ಮೊಬೈಲ್ ಮೂಲಕ ಖಚಿತಪಡಿಸುವ ಇ-ಸಹಿ ವ್ಯವಸ್ಥೆ ಬಂದದ್ದು, ಈ ಪ್ರಕರಣ ದೇಶದಾದ್ಯಂತ ರಾಜಕೀಯ ವಿವಾದವಾದ 2025ರ ಸೆಪ್ಟೆಂಬರ್‌ನಲ್ಲಿ. ಬಾಗಿಲು ಸಡಿಲವಾಗಿದೆ ಎಂದು ತಿಳಿದ ಮೇಲೂ ಚಿಲಕ ಹಾಕಲು ಎರಡೂವರೆ ವರ್ಷ ಬೇಕಾಗಬಾರದಿತ್ತು, ಅದರಲ್ಲೂ ನಡುವೆ ಒಂದು ಲೋಕಸಭಾ ಚುನಾವಣೆಯೇ ಬಂದು ಹೋಗಿರುವಾಗ.

ಸರ್ಕಾರದ ಸಿದ್ಧತೆಯ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಂದಲೇ ಹುಟ್ಟುತ್ತದೆ. ಸಂಸ್ಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ: ಸೈಬರ್ ದಾಳಿಗಳನ್ನು ಎದುರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2004ರಿಂದ ಇದೆ, ದೇಶದ ಅತಿಮುಖ್ಯ ಮಾಹಿತಿ ವ್ಯವಸ್ಥೆಗಳ ರಕ್ಷಣೆಗೆ 2014ರಿಂದ ಪ್ರತ್ಯೇಕ ಕೇಂದ್ರವೇ ಇದೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂಬ ನಿಯಮವೂ 2022ರಲ್ಲಿ ಬಂದಿದೆ. ಆದರೆ ಆ ವರದಿ ಸಲ್ಲಬೇಕಾದದ್ದು ಸರ್ಟ್-ಇನ್‌ಗೆ. ಮತದಾರರಿಗೆ ತಿಳಿಸಬೇಕೆಂದು ಆ ನಿಯಮ ಹೇಳುವುದಿಲ್ಲ. ಬ್ರಿಟನ್ನಿನ ಚುನಾವಣಾ ಆಯೋಗದ ಸರ್ವರ್‌ಗಳಿಗೆ 2021ರ ಆಗಸ್ಟ್‌ನಲ್ಲಿ ನುಗ್ಗಿದವರು ಪತ್ತೆಯಾದದ್ದು 2022ರ ಅಕ್ಟೋಬರ್‌ನಲ್ಲಿ, ಜನರಿಗೆ ಗೊತ್ತಾದದ್ದು 2023ರ ಆಗಸ್ಟ್‌ನಲ್ಲಿ. ಸುಮಾರು 4 ಕೋಟಿ ಮತದಾರರ ಹೆಸರು, ವಿಳಾಸಗಳು ಅಷ್ಟು ಕಾಲ ತೆರೆದು ಬಿದ್ದಿದ್ದವು. ಸಾಫ್ಟ್‌ವೇರ್‌ಗೆ ಆಗಲೇ ಬಂದಿದ್ದ ದುರಸ್ತಿಗಳನ್ನು ಅಳವಡಿಸಿಕೊಳ್ಳದೇ ಇದ್ದದ್ದು, ಪಾಸ್‌ವರ್ಡ್‌ಗಳ ವಿಷಯದಲ್ಲಿ ಶಿಸ್ತಿಲ್ಲದ್ದು ಅದಕ್ಕೆ ಕಾರಣವೆಂದು ಅಲ್ಲಿ ಜನರ ಖಾಸಗಿ ಮಾಹಿತಿಯ ರಕ್ಷಣೆ ನೋಡಿಕೊಳ್ಳುವ ಮಾಹಿತಿ ಆಯುಕ್ತರ ಕಚೇರಿ 2024ರಲ್ಲಿ ಛೀಮಾರಿ ಹಾಕಿತು. ಆ ಛೀಮಾರಿ ಬಹಿರಂಗವಾಗಿತ್ತು ಎಂಬುದನ್ನು ಗಮನಿಸಿ. ದಾಳಿ ನಡೆಯಿತೇ, ಏನು ಕಳೆದುಹೋಯಿತು, ಏನನ್ನು ಸರಿಪಡಿಸಲಾಯಿತು ಎಂದು ಪ್ರತಿ ಮಹಾಚುನಾವಣೆಯ ನಂತರ ಸಂಸತ್ತಿನ ಮುಂದೆ ವರದಿ ಇಡುವ ಕಟ್ಟುಪಾಡು ಬರುವವರೆಗೂ ನಮ್ಮ ಸಿದ್ಧತೆಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ಇನ್ನು ನಿಮ್ಮ ಮಗನ ಮತದ ವಿಷಯ. ಎಸ್ಟೋನಿಯಾ 2005ರಿಂದಲೇ ಇಂಟರ್ನೆಟ್ ಮತದಾನ ನಡೆಸುತ್ತಿದೆ, 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಹಾಗೆಯೇ ಬಿದ್ದವು. ಆದರೆ ಅದೇ ದೇಶ 2017ರಲ್ಲಿ, ಇಂಟರ್ನೆಟ್ ಮತದಾನಕ್ಕೂ ಬಳಕೆಯಾಗುವ ಗುರುತಿನ ಚೀಟಿಯ ಚಿಪ್‌ನಲ್ಲಿ ದೋಷ ಕಂಡು ಸುಮಾರು 7.6 ಲಕ್ಷ ಚೀಟಿಗಳ ಡಿಜಿಟಲ್ ಬಳಕೆಯನ್ನು ತಡೆಹಿಡಿಯಬೇಕಾಯಿತು. ಹದಿಮೂರು ಲಕ್ಷ ಜನರ ದೇಶಕ್ಕೆ ಅದನ್ನು ಸಂಭಾಳಿಸುವುದು ಸಾಧ್ಯವಾಯಿತು. ತೊಂಬತ್ತು ಕೋಟಿಗೂ ಮಿಕ್ಕಿ ಮತದಾರರಿರುವ ನಮಗೆ ಚುನಾವಣೆಯ ಹಿಂದಿನ ವಾರ ಅಂಥದ್ದು ಎದುರಾದರೆ ಏನು ಗತಿ? ನಮ್ಮ ಸೈನಿಕರ ಮತಪತ್ರ 2016ರಿಂದ ಇಂಟರ್ನೆಟ್ ಮೂಲಕ ಅವರನ್ನು ತಲುಪುತ್ತದೆ, ಮತ ಗುರುತಿಸಿದ ಮೇಲೆ ಅಂಚೆಯಲ್ಲಿ ಮರಳುತ್ತದೆ. ಮರುಪಯಣಕ್ಕೆ ಕಾಗದವನ್ನೇ ಉಳಿಸಿಕೊಂಡದ್ದು ವಿವೇಕದ ನಿರ್ಧಾರ. ಇದೇ ಸೌಲಭ್ಯವನ್ನು ನಿಮ್ಮ ಮಗನಂಥ ಅನಿವಾಸಿಗಳಿಗೂ ಕೊಡಲಿ ಎಂಬುದು ನನ್ನ ಆಸೆ. ಮೊಬೈಲಿನಲ್ಲಿ ಮತ ಹಾಕುವುದು ಮಾತ್ರ ಸದ್ಯಕ್ಕೆ ಬೇಡ.

ನೀವು ಮಾಡಬಹುದಾದ ಕೆಲಸ ಖಂಡಿತ ಇದೆ. ಹೆಸರು ಸೇರಿಸಲು, ತೆಗೆಯಲು ಬಂದ ಅರ್ಜಿಗಳ ಪಟ್ಟಿಯನ್ನು ಮತದಾರರ ನೋಂದಣಾಧಿಕಾರಿಗಳು ತಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಹಚ್ಚಬೇಕು. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲೂ ಅದು ಸಿಗುತ್ತದೆ. ನಿಮ್ಮ ಶಾಲೆಯಲ್ಲಿ ಓದಿದವರು ಊರಿನ ಮನೆಮನೆಯಲ್ಲೂ ಇದ್ದಾರೆ ಎಂದು ಬರೆದಿದ್ದೀರಲ್ಲ, ಅವರಲ್ಲಿ ನಾಲ್ವರನ್ನು ಜೊತೆಗೆ ಕರೆದುಕೊಂಡು ನಿಮ್ಮ ಮತಗಟ್ಟೆಗೆ ಸೇರಿದ ನಮೂನೆ 7ರ ಅರ್ಜಿಗಳನ್ನು ತಿಂಗಳಿಗೊಮ್ಮೆ ಓದಿ. ಬದುಕಿರುವವರ, ಊರಲ್ಲೇ ಇರುವವರ ಹೆಸರು ಅದರಲ್ಲಿ ಕಂಡರೆ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

– ಸಂ.