ಫಾಗರ್ ಹಾಕಿದರೂ ದನಕ್ಕೆ ಏದುಸಿರು ಏಕೆ?

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ ದನ ದಿನಕ್ಕೆ 14 ಲೀಟರ್ ಕೊಡುತ್ತಿತ್ತು. ಮಾರ್ಚ್ ಬಂದದ್ದೇ ಮಧ್ಯಾಹ್ನ ಬಾಯಿ ತೆರೆದು ಏದುಸಿರು, ಜೊಲ್ಲು. ಹಟ್ಟಿಗೆ ಫಾಗರ್ (ನೀರನ್ನು ಮಂಜಿನಂತೆ ಚಿಮ್ಮಿಸುವ ಸಾಧನ) ಹಾಕಿಸಿದ ಮೇಲೆ ಇನ್ನೂ ಜಾಸ್ತಿಯಾಗಿದೆ. ಅದೇ ಹಟ್ಟಿಯ ಗಿಡ್ಡ (ಊರಿನ ಪುಟ್ಟ ತಳಿ) ದನಕ್ಕೆ ಏನೂ ಆಗಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ಫಾಗರ್ ನಿಲ್ಲಿಸಿ. ಬಯಲುಸೀಮೆಯ ಒಣಹವೆಗೆ ಅದು ಸರಿ. ಕಾಸರಗೋಡಿನ ಗಾಳಿಯಲ್ಲಿ ಮೊದಲೇ ಪಸೆ ತುಂಬಿದೆ. ಮಂಜು ಸೇರಿಸಿದರೆ ಸೆಕೆಯೇ ಹೆಚ್ಚುತ್ತದೆ.

ದನದ ಮೈಬಿಸಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಹವೆ ತಂಪಾಗಿದ್ದಾಗ ಶಾಖ ತಾನಾಗಿ ಗಾಳಿಗೂ ನೆಲಕ್ಕೂ ಹೋಗುತ್ತದೆ. ಹೊರಗೆ 34–35 ಆದರೆ ಆ ದಾರಿಗಳು ಬಹುಪಾಲು ಮುಚ್ಚಿದಂತೆ. ಉಳಿದದ್ದು ಬೆವರು ಮತ್ತು ಉಸಿರಿನ ಆವಿ. ಒಂದು ಲೀಟರ್ ನೀರು ಮೈಮೇಲೆ ಆರಿದರೆ ಸುಮಾರು 575 ಕಿಲೋಕ್ಯಾಲರಿ ಶಾಖ ಒಯ್ಯುತ್ತದೆ. ಅದೇ ನೀರು ಮೈ ತಾಗಿ 10 ಡಿಗ್ರಿ ಬಿಸಿಯಾಗಿ ಚರಂಡಿಗೆ ಹರಿದರೆ ಬರೀ 10 ಕಿಲೋಕ್ಯಾಲರಿ. ಹಾಗಾಗಿ ಗಂಟೆಗಟ್ಟಲೆ ಪೈಪು ಬಿಟ್ಟು ಲಾಭವಿಲ್ಲ.

ದಪ್ಪ ಹನಿಯ ಶವರಿನಿಂದ ಬೆನ್ನು, ಹೆಗಲು ಒಂದೆರಡು ನಿಮಿಷ ನೆನೆಸಿ. ಬೆರಳಿನಿಂದ ಕೂದಲು ಬಿಡಿಸಿ ನೋಡಿ, ಬುಡದ ಚರ್ಮ ಒದ್ದೆಯಾಗಿರಬೇಕು. ಫಾಗರಿನ ಹನಿ ಕೂದಲ ತುದಿಯಲ್ಲೇ ಕೂತು ಕಂಬಳಿ ಹೊದಿಸಿದಂತಾಗುತ್ತದೆ. ನೀರು ಕೆಚ್ಚಲಿಗೆ ಇಳಿಯುವ ಮೊದಲೇ ನಿಲ್ಲಿಸಿ, ಇಲ್ಲವಾದರೆ ಕೆಚ್ಚಲುಬಾವಿಗೆ ದಾರಿ. ಆಮೇಲೆ 10–15 ನಿಮಿಷ ಪಕ್ಕದಿಂದ ಬೆನ್ನಿಗೆ ಬೀಸುವಂತೆ ಫ್ಯಾನ್. ಮೈ ಆರಿದ ಮೇಲೆ ಮತ್ತೆ ನೀರು. ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಹೀಗೇ. ಹಟ್ಟಿಯ ಗೋಡೆ ಎತ್ತರವಿದ್ದು ಒದ್ದೆಗಾಳಿ ಹೊರಹೋಗದಿದ್ದರೆ ಇದೂ ವ್ಯರ್ಥ.

ಶೀಟಿನ ಮಾಡಾದರೆ ಮೇಲೆ ಅಡಿಕೆ ಸೋಗೆ ಹೊದಿಸಿ. ಕುಡಿಯಲು ದಿನಕ್ಕೆ 80–100 ಲೀಟರ್ ಬೇಕು, ಸದಾ ಎದುರಿಗಿರಲಿ. ಬಿಸಿಲಿಗೆ ಕಾದ ಕಪ್ಪು ಟ್ಯಾಂಕಿಯದ್ದು ಬೇಡ. ಬಾವಿಯದ್ದೋ ಸುರಂಗದ್ದೋ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ಕೊಡಿ. ಬೈಹುಲ್ಲು ಹೊಟ್ಟೆಯಲ್ಲಿ ಹುಳಿಯುವಾಗ ಶಾಖ ಹುಟ್ಟುತ್ತದೆ, ಹೆಚ್ಚಿನ ಪಾಲು ರಾತ್ರಿಗಿರಲಿ. ಜೊಲ್ಲಿನೊಂದಿಗೆ ಹೊಟ್ಟೆಯ ಹುಳಿ ತಗ್ಗಿಸುವ ಕ್ಷಾರವೂ ಸೋರಿಹೋಗುತ್ತದೆ. ದಿನಕ್ಕೆ 100 ಗ್ರಾಂ ಅಡುಗೆ ಸೋಡಾ ಎರಡು ಹೊತ್ತಿನ ಹಿಂಡಿಯಲ್ಲಿ ಕಲಸಿ.

ಫಲ ಸಿಕ್ಕಿತೇ ಎಂದು ತಿಳಿಯಲು ಪಕ್ಕೆಯ ಏರಿಳಿತ ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿ. 60 ದಾಟಿದರೆ ದನ ಸೆಕೆಗೆ ಸೋಲುತ್ತಿದೆ. ಗುದದ್ವಾರದ ಥರ್ಮಾಮೀಟರ್ 41 ತೋರಿಸಿದರೆ ಕಾಯಬೇಡಿ, ಡಾಕ್ಟರನ್ನು ಕರೆಸಿ.

ಗಿಡ್ಡದ ವಿಷಯ: ತೂಕಕ್ಕೆ ಹೋಲಿಸಿದರೆ ಅದರ ಮೈಚರ್ಮ ವಿಶಾಲ, ಹಾಲು ಕಡಿಮೆ. ಒಳಗೆ ಹುಟ್ಟುವ ಶಾಖ ಕಡಿಮೆ, ಹೊರಹೋಗಲು ಜಾಗ ಧಾರಾಳ.