ಅಮ್ಮನ ಎಳೆ ನನ್ನ ಕೈಗೆ ಬರುತ್ತಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಹತ್ತಿರ ಆಪ್ತಸಲಹೆಗೆ ಬಂದವರು. ಸಾಗರದ ಕಡೆಯವರು, ಮೂವತ್ತು ದಾಟಿದ ಶಾಲಾ ಶಿಕ್ಷಕಿ. ಇವರ ತಾಯಿ ಹಸೆ ಚಿತ್ತಾರ ಬರೆಯುವುದರಲ್ಲಿ ಸುತ್ತಲಿನ ಊರುಗಳಿಗೆಲ್ಲ ಗೊತ್ತಿದ್ದವರು. ಆ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಆ ನೇರ ಎಳೆಗಳನ್ನು ನೋಡಿದವರಿಗೆ ಅದಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಗೊತ್ತು.

ತಾಯಿ ತೀರಿಕೊಂಡ ಮೇಲೆ ಬಂದ ಭೂಮಿ ಹುಣ್ಣಿಮೆಯಲ್ಲಿ, ಹೊಲದ ಪೂಜೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವ ಕೆಲಸ ತಾನಾಗಿಯೇ ಮಗಳ ಮೇಲೆ ಬಿತ್ತು. ಬರೆದರು. ನೋಡಿದ ಯಾರೋ 'ಅಮ್ಮನ ಕೈ ಬರಲಿಲ್ಲ' ಅಂದರು. ಅಲ್ಲಿಂದ ಕುಂಚ ಮುಟ್ಟಿದರೆ ಕೈ ನಡುಗುತ್ತಿತ್ತು. ಮಕ್ಕಳಿಗೆ ಬೋರ್ಡಿನ ಮೇಲೆ ಒಂದು ಹಕ್ಕಿ ಬರೆದು ತೋರಿಸುವುದನ್ನೂ ನಿಲ್ಲಿಸಿಬಿಟ್ಟಿದ್ದರು.

'ನಾನು ಬಿಟ್ಟರೆ ಅಮ್ಮನ ಕಲೆ ಸತ್ತೇ ಹೋಗುತ್ತೆ ಮೇಡಂ.'

ನಾನು ಮೊದಲು ಕೇಳಿದ್ದು ಕಲೆಯ ಬಗ್ಗೆ ಅಲ್ಲ. ನಿದ್ದೆ, ಊಟ, ಬದುಕೇ ಬೇಡ ಅನ್ನಿಸುತ್ತದೆಯಾ ಎಂಬುದು. ಹಾಗೇನೂ ಇರಲಿಲ್ಲ. ಇದ್ದಿದ್ದರೆ ಆವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. (ಓದುತ್ತಿರುವ ನಿಮಗೆ ಹಾಗೆ ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.)

ಆಮೇಲೆ ಕೇಳಿದೆ: ಚಿಕ್ಕವರಿದ್ದಾಗ, ಅಮ್ಮ ನೋಡದಿದ್ದಾಗ, ನೀವು ಏನು ಬರೆಯುತ್ತಿದ್ದಿರಿ? ತುಂಬಾ ಹೊತ್ತು ಸುಮ್ಮನಿದ್ದರು. ಮುಖಗಳು, ಅಂದರು. ನೋಟ್‌ಬುಕ್ಕಿನ ಕೊನೆ ಹಾಳೆಗಳಲ್ಲಿ, ಬಸ್ಸಿನಲ್ಲಿ ಕೂತವರ ಮುಖ, ಜಗಳವಾಡುವ ಅಜ್ಜಿಯರ ಮುಖ. ಚಿತ್ತಾರದ ಅಳತೆ, ಲೆಕ್ಕಾಚಾರ ತನಗೆ ಯಾವತ್ತೂ ಅಷ್ಟು ಇಷ್ಟ ಇರಲಿಲ್ಲ ಅಂತ ಹೇಳಿ, ಅಮ್ಮನಿಗೆ ದ್ರೋಹ ಮಾಡಿದವರ ಹಾಗೆ ಅತ್ತರು.

ನನಗೆ ವಿಷಯ ಇಲ್ಲಿದೆ ಅನ್ನಿಸಿತು. ಅಮ್ಮನನ್ನು ಉಳಿಸಿಕೊಳ್ಳುವುದು ಒಂದು, ತಾನು ಬರೆಯುವುದು ಇನ್ನೊಂದು. ಇವರು ಎರಡನ್ನೂ ಒಂದೇ ಎಳೆಯಲ್ಲಿ ಕಟ್ಟಲು ಹೋಗಿ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಹೋದವರ ಜೊತೆಗಿನ ನಂಟನ್ನು ಕಡಿದುಕೊಂಡರೆ ಮಾತ್ರ ದುಃಖ ಮುಗಿಯುತ್ತದೆ ಅನ್ನುವ ಹಳೆಯ ತಿಳಿವಳಿಕೆಯನ್ನು 1996ರಲ್ಲಿ ಅಮೆರಿಕದ ಸಂಶೋಧಕ ಡೆನ್ನಿಸ್ ಕ್ಲಾಸ್ ಮತ್ತು ಜೊತೆಗಾರರು ಪ್ರಶ್ನಿಸಿದರು. ನಂಟು ಉಳಿಯುತ್ತದೆ, ಅದರ ರೂಪ ಬದಲಾಗುತ್ತದೆ ಅಂದರು. ಅಮ್ಮನ ನಂಟು ಉಳಿಯಲು ಅಮ್ಮನ ಎಳೆಯನ್ನೇ ಎಳೆಯಬೇಕಿಲ್ಲ, ಅಲ್ವಾ?

ನಾನು ಹೇಳಿದ್ದು ಇಷ್ಟು. ಈ ವರ್ಷ ಬುಟ್ಟಿಯನ್ನು ಚಿಕ್ಕಮ್ಮ ಬರೆಯಲಿ, ನೀವು ಬಣ್ಣ ಅರೆದು ಕೊಡಿ, ಅಮ್ಮನ ಬಗ್ಗೆ ಮಾತಾಡಿ. ಅಮ್ಮನ ಕುಂಚ ಜೋಪಾನವಾಗಿರಲಿ, ಆದರೆ ನೀವು ಬರೆಯುವ ಜಾಗದಲ್ಲಿ ಬೇಡ. ದಿನಕ್ಕೆ ಹದಿನೈದು ನಿಮಿಷ, ಬಾಲ್ ಪೆನ್ನು, ಅಗ್ಗದ ಹಾಳೆ, ಒಂದು ಮುಖ. ಯಾರಿಗೂ ತೋರಿಸಬೇಡಿ, ಕೆಟ್ಟದಾಗಿದ್ದರೂ ಹರಿಯಬೇಡಿ. ಒಂದು ಕಲೆಯನ್ನು ಉಳಿಸುವ ಹೊರೆಯನ್ನು ತಾಯಿ ಕಳೆದುಕೊಂಡ ಒಬ್ಬ ಮಗಳ ಹೆಗಲಿಗೆ ಹಾಕುವುದು ನ್ಯಾಯವಲ್ಲ ಅಂತಲೂ ಹೇಳಿದೆ. ಅದನ್ನು ಬರೆಯುವ, ಕಲಿಸುವ ಹೆಂಗಸರು ಸಾಗರ, ಸೊರಬದ ಕಡೆ ಇನ್ನೂ ಇದ್ದಾರೆ.

ಮೊದಲ ವಾರ ಒಂದೂ ಬರೆಯಲಿಲ್ಲ. ಆಮೇಲೆ ಶುರುವಾಯಿತು. ಈಗ ತರಗತಿಯ ಮಕ್ಕಳ ಮುಖ ಬರೆಯುತ್ತಾರೆ, ಮಕ್ಕಳು 'ನಂದು ಯಾವಾಗ ಮಿಸ್' ಅಂತ ಸಾಲು ನಿಲ್ಲುತ್ತಾರಂತೆ. ಅಮ್ಮನ ಮುಖ ಇನ್ನೂ ಬರೆಯಲಾಗಿಲ್ಲ. ಅದಕ್ಕೆ ಅವಸರ ಮಾಡಬೇಡಿ ಅಂದಿದ್ದೇನೆ.