ಯೇಸುವಿನ ಹೆಸರು ಹೇಳಿ ಯಾರು ಬೇಕಾದರೂ ದೆವ್ವ ಬಿಡಿಸಬಹುದಾ?

ಈ ಪ್ರಶ್ನೆ ನಮ್ಮ ಕಾಸರಗೋಡಿನ ಬೇಳ ಇಗರ್ಜಿಯ ಕಡೆಯೂ ಕೇಳಿಬರುತ್ತದೆ. ಅಧಿಕಾರ ಇದೆ, ಆದರೆ ಅದು ನಮ್ಮ ಸ್ವಂತದ್ದಲ್ಲ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ವೈರಿಯ, ಅಂದರೆ ಸೈತಾನನ, ಬಲದ ಮೇಲೆ ಅಧಿಕಾರ ಕೊಡುತ್ತಾರೆ. ಕೂಡಲೇ, ದೆವ್ವಗಳು ಮಾತು ಕೇಳುತ್ತವೆಂದು ಹಿಗ್ಗಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆಯೆಂದು ಸಂತೋಷಪಡಿ ಅನ್ನುತ್ತಾರೆ. ಜನ ಜಾಸ್ತಿ ಮರೆಯುವುದು ಈ ಎರಡನೇ ಮಾತನ್ನೇ. ಆ ಹೆಸರು ಮಂತ್ರವಲ್ಲ. ಎಫೆಸ ಪಟ್ಟಣದಲ್ಲಿ ಸ್ಕೇವ ಎಂಬ ಯೆಹೂದಿ ಯಾಜಕನ 7 ಮಕ್ಕಳು ನಂಬಿಕೆಯಿಲ್ಲದೆ ಸುಮ್ನೆ ಅದನ್ನು ಬಳಸಲು ಹೋಗಿ, ಪೆಟ್ಟು ತಿಂದು ಓಡಿದರು (ಅಪೊಸ್ತಲರ ಕೃತ್ಯಗಳು 19).

ಕೇಡಿನಿಂದ ತಪ್ಪಿಸು ಎಂದು ಪ್ರಾರ್ಥಿಸುವುದು ಎಲ್ಲರಿಗೂ ಸೇರಿದ್ದು. ದೆವ್ವ ಬಿಡಿಸುವ ವಿಧಿಗೆ ಮಾತ್ರ ಕಥೋಲಿಕರಲ್ಲಿ ಬಿಷಪರ ಅನುಮತಿ ಪಡೆದ ಪಾದ್ರಿಯೇ ಬೇಕು. ಅದಕ್ಕೂ ಮೊದಲು ವೈದ್ಯರಿಗೆ ತೋರಿಸಿ, ದಯವಿಟ್ಟು.